ಜೊತೆಗಾರ ಎಂದು ಕರೆದಾಗ

ಶಮ್ಸಾಬಾದಿಗೆ ನೆಲದಡಿಯಿಂದ ನೀರು ತರುವ ಕನಾತಿನಲ್ಲಿ ಹರಿವು ಸಣ್ಣಗಾಗಿ, ದಾಳಿಂಬೆ ತೋಟಗಳಿಗೆ ಸರದಿಯ ನೀರೂ ಸಾಲದಾದ ವರ್ಷ ಊರಿನವರು ನಮ್ಮನ್ನು ಕರೆಸಿದರು. ನಾವು ಮೂವರು. ನೆಲದಡಿಯ ಆ ಕಾಲುವೆಯಲ್ಲಿ ತೆವಳಿ ಹೂಳು ಕಡಿಯುವವನು ಬೆಮಾನಲಿ. ಆ ಕಾಲುವೆಗೆ ಇಳಿಯಲು ಉದ್ದಕ್ಕೂ ಸಾಲಾಗಿ ತೋಡಿದ ಬಾವಿಗಳ ಬಾಯಲ್ಲಿ ಕೂತು ರಾಟೆ ತಿರುಗಿಸಿ ಹೂಳಿನ ಚೀಲ ಮೇಲೆಳೆಯುವವನು ನಾನು, ಹೈಬತ್. ಚೀಲ ಸುರಿದು, ಚಹಾ ಕಾಯಿಸಿ, ನಮ್ಮಿಬ್ಬರನ್ನೂ ಬೈಯುವವನು ಖುದಾರಹಮ್. ನಮ್ಮೆಲ್ಲರಿಗಿಂತ ಹಿರಿಯ. ಮೊಣಕಾಲು ಹೋದ ಮೇಲೆ ಕೆಳಗಿಳಿಯುವುದನ್ನು ಬಿಟ್ಟಿದ್ದ.

ಒಬ್ಬ ನೆಲದೊಳಗಿರುವಷ್ಟು ಹೊತ್ತು ನಮ್ಮ ಕಸುಬಿನವರು ಹೆಸರು ಹಿಡಿದು ಕರೆಯುವುದಿಲ್ಲ. ಮೇಲಿನವನೂ ಜೊತೆಗಾರ, ಕೆಳಗಿನವನೂ ಜೊತೆಗಾರ. ಯಾಕೆಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ನನ್ನಪ್ಪ, "ಕತ್ತಲಲ್ಲಿ ಹೆಸರು ತಗೊಂಡು ಏನ್ಮಾಡ್ತೀಯ, ಕೈ ಸಿಕ್ಕಿದ್ರೆ ಸಾಕು" ಅಂದಿದ್ದ. ಜೊತೆಯಲ್ಲಿ ದುಡಿದ ಹನ್ನೊಂದು ವರ್ಷದಲ್ಲಿ ಬೆಮಾನಲಿಯನ್ನು ಅವನ ಹೆಸರಿನಿಂದ ಕರೆದದ್ದಕ್ಕಿಂತ ಜೊತೆಗಾರ ಎಂದು ಕರೆದದ್ದೇ ಹೆಚ್ಚು.

ಆ ದಿನ ಒಂಬತ್ತನೆಯ ಬಾವಿಯಲ್ಲಿ ಕೆಲಸ. ಬಿಸಿಲು ಏರುವ ಮೊದಲೇ ಬೆಮಾನಲಿ ನಮ್ಮ ಕಸುಬಿನವರು ಇಳಿಯುವಾಗ ತೊಡುವ ಬಿಳಿ ಬಟ್ಟೆ ತೊಟ್ಟು ಇಳಿದ. ಆರನೆಯ ಚೀಲ ಮೇಲೆ ಬಂದಿತ್ತು. ಆಗ ಕಾಲಡಿಯ ನೆಲ ಒಮ್ಮೆ ಕೆಮ್ಮಿದಂತಾಯಿತು. ಬಾವಿಯ ಬಾಯಿಂದ ಧೂಳು ಎದ್ದು ಬಂತು.

"ಹಗ್ಗ ಕಟ್ಕೋ" ಅಂದ ಖುದಾರಹಮ್.

ಅವನು ರಾಟೆ ಹಿಡಿದ, ನಾನಿಳಿದೆ. ಕೆಳಗೆ ಕಾಲುವೆಯಲ್ಲಿ ನೀರು ಬರುವ ದಿಕ್ಕು ಕುಸಿದ ಮಣ್ಣಿನಿಂದ ಪೂರ್ತಿ ಮುಚ್ಚಿಹೋಗಿತ್ತು. ಹಸಿ ಮಣ್ಣಿನ ಗೋಡೆಗೆ ಕಿವಿಯಿಟ್ಟು ಕೂಗಿದೆ.

"ಜೊತೆಗಾರ!"

"ಇದ್ದೀನಿ, ಜೊತೆಗಾರ."

ದನಿ ಗೋಡೆಯಾಚೆಯಿಂದ, ಸ್ವಲ್ಪ ಎಡಕ್ಕೆ ಕೇಳಿಸಿತು. ಬಾಯಲ್ಲಿ ಮಣ್ಣು ತುಂಬಿದವನ ದನಿ. ನನಗೆ ಅಳುವೇ ಬಂತು. ಗುದ್ದಲಿ ಎತ್ತಿಕೊಂಡು ದನಿ ಬಂದ ಕಡೆಗೆ ಕಡಿಯತೊಡಗಿದೆ. ಮಾತು ನಿಂತರೆ ಅವನು ನಿದ್ದೆಗೆ ಜಾರುತ್ತಾನೆಂದು ಮಾತಾಡುತ್ತಲೇ ಇದ್ದೆ.

"ಪೆಟ್ಟಾಗಿದೆಯಾ?"

"ಈಗ ನೋವಿಲ್ಲ."

"ಉಸಿರು?"

ಆ ಮಾತು ಬಿಟ್ಟು ಅವನು ಬೇರೆಯೇ ಕೇಳಿದ: "ರಾಟೆ ಹತ್ರ ಯಾರಿದ್ದಾರೆ?"

"ಮುದುಕ ಇದ್ದಾನಲ್ಲ. ನಿನ್ನನ್ನ ಬೈಯೋಕೆ ಕಾಯ್ತಿದ್ದಾನೆ."

"ಯಾವ ಮುದುಕ?"

ತಲೆಗೆ ಪೆಟ್ಟು ಬಿದ್ದಿದೆ ಎಂದುಕೊಂಡೆ. ಇನ್ನೂ ಜೋರಾಗಿ ಕಡಿದೆ. ಅಂಗೈಯ ಬೊಬ್ಬೆ ಒಡೆದು ಗುದ್ದಲಿಯ ಹಿಡಿ ಜಾರುತ್ತಿತ್ತು.

"ಹಗ್ಗ ಎಳೆದೆ, ಜೊತೆಗಾರ" ಎಂದಿತು ದನಿ. "ಎಳೆದರೆ ಎಲ್ಲಾ ಕೆಳಗೇ ಬಂತು. ಮೇಲೆ ಯಾರೂ ಹಿಡಿದಿರಲಿಲ್ಲ."

"ನಾನೇ ಹಿಡಿದಿದ್ದೆ ಮಾರಾಯ, ಬಿಟ್ಟಿಲ್ಲ."

"ನೀನಲ್ಲ" ಎಂದಿತು, ಸಮಾಧಾನ ಮಾಡುವವರ ಹಾಗೆ.

ಅಷ್ಟರಲ್ಲಿ ಬಾವಿಯ ಮೇಲಿನಿಂದ ಖುದಾರಹಮ್ ಕೂಗುತ್ತಿದ್ದುದು ಕೇಳಿಸಿತು. ತೆವಳಿಕೊಂಡು ಬಾವಿಯ ಬುಡಕ್ಕೆ ಬಂದು ತಲೆಯೆತ್ತಿದೆ. ನಾಣ್ಯದಷ್ಟು ಆಕಾಶ, ಅದರ ಅಂಚಿನಲ್ಲಿ ಎರಡು ತಲೆ.

"ಮೇಲೆ ಬಾ! ಇವನು ಎಂಟನೇ ಬಾವಿ ಹತ್ಕೊಂಡು ನಡೆದು ಬಂದಿದ್ದಾನೆ. ಇಲ್ಲೇ ನನ್ನ ಪಕ್ಕ ನಿಂತಿದ್ದಾನೆ. ನೀನು ಅಲ್ಲಿ ಯಾರ ಹತ್ರ ಮಾತಾಡ್ತಿದ್ದೀಯ?"

ಹಿಂದಿನಿಂದ, ನಾನು ಕಡಿದ ತೂತಿನಿಂದ, ದನಿ ಬಂತು. "ನಿಲ್ಲಿಸಬೇಡ, ಜೊತೆಗಾರ."

ನಾನು ನಿಲ್ಲಿಸಿದೆ. ಅದನ್ನು ಮುಚ್ಚಿಟ್ಟು ಹೇಳಲಾರೆ. ಗುದ್ದಲಿ, ದೀಪ ಎರಡನ್ನೂ ಅಲ್ಲೇ ಬಿಟ್ಟು, ರಾಟೆಗೂ ಕಾಯದೆ ಗೋಡೆಯ ಗೂಡುಗಳಿಗೆ ಕಾಲಿಟ್ಟು ಹತ್ತಿದೆ. ಮೇಲೆ ಬೆಮಾನಲಿ ಹಣೆಯ ರಕ್ತ ಒರೆಸಿಕೊಳ್ಳುತ್ತ ಕೂತಿದ್ದ. ಅವನ ಕೈ ಹಿಡಿದು ನೋಡಿದೆ. ಬಿಸಿಯಾಗಿತ್ತು.

ನಡೆದದ್ದೆಲ್ಲ ಹೇಳಿದೆ. ಖುದಾರಹಮ್, "ಪ್ರತಿಧ್ವನಿ ಕಣೋ" ಅಂದ.

"ಪ್ರತಿಧ್ವನಿ ಪ್ರಶ್ನೆ ಕೇಳುತ್ತಾ?"

ಅವನು ಚಹಾ ಸುರಿಯಲು ಹೋದ. ಲೋಟದ ಹೊರಗೇ ಸುರಿದ.

ಬೆಮಾನಲಿ ಹಣೆಯಿಂದ ಕೈ ತೆಗೆದು ಕೇಳಿದ: "ನೀನು ಏನಂತ ಕೂಗಿದೆ?"

"ಇನ್ನೇನಂತ ಕೂಗಲಿ? ಜೊತೆಗಾರ ಅಂತಲೇ."

"ಹಾಗಾದ್ರೆ ಅವನು ಸುಳ್ಳೇನೂ ಹೇಳಿಲ್ಲವಲ್ಲ" ಅಂದ. "ನಾಳೆ ಇಳಿಯೋಣ. ಓ ಅಂದೋನನ್ನ ಬಿಟ್ಟು ಹೋಗೋಕಾಗಲ್ಲ."

ನನಗೆ ಇಷ್ಟವಿರಲಿಲ್ಲ. ಆದರೆ ಅವನೊಬ್ಬನೇ ಇಳಿಯುವುದನ್ನು ನೋಡುತ್ತ ಮೇಲೆ ಕೂರಲೂ ಆಗಲಿಲ್ಲ. ಮರುದಿನ ಇಬ್ಬರೂ ಇಳಿದೆವು. ನನ್ನ ದೀಪ ಎಣ್ಣೆ ತೀರಿ ಆರಿತ್ತು. ಗುದ್ದಲಿ ಮಾತ್ರ ಬಿಟ್ಟಲ್ಲಿರಲಿಲ್ಲ. ತೂತಿನ ಬಾಯಿಗೆ ಒರಗಿ ನಿಂತಿತ್ತು, ಹಿಡಿ ನಮ್ಮ ಕಡೆಗಿತ್ತು. ಬೆಮಾನಲಿ ಅದನ್ನು ನೋಡಿದ, ಎತ್ತಿಕೊಂಡು ಕಡಿಯತೊಡಗಿದ. ಆ ದಿನ ನಾವು ಕರೆಯಲಿಲ್ಲ, ಯಾರೂ ಓಗೊಡಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಗೋಡೆ ಒಡೆಯಿತು. ಎಡಕ್ಕೆ ಒಂದು ಕವಲು. ಊರಿನ ಯಾವ ಹಿರಿಯನಿಗೂ ಗೊತ್ತಿಲ್ಲದ್ದು. ಗೋಡೆಗೆ ಬೆನ್ನುಕೊಟ್ಟು ಒಬ್ಬ ಕೂತಿದ್ದ. ಮೂಳೆ ಮತ್ತು ಬಿಳಿ ಬಟ್ಟೆಯ ಚಿಂದಿ, ಅಷ್ಟೇ. ತೊಡೆಯ ಮೇಲೆ ಹಗ್ಗವನ್ನು ನೀಟಾಗಿ ಸುತ್ತಿಟ್ಟುಕೊಂಡಿದ್ದ. ಮುಟ್ಟಿದರೆ ಅದು ಪುಡಿಯಾಯಿತು.

"ಬಾ, ಹೋಗೋಣ" ಅಂದ ಬೆಮಾನಲಿ. ನನಗಲ್ಲ, ಅವನಿಗೆ.

ಹೂಳಿನ ಚೀಲದಲ್ಲಿ ಹಾಕಲು ಮನಸ್ಸಾಗದೆ ನನ್ನ ಅಂಗಿಯಲ್ಲಿ ಕಟ್ಟಿ ಮೇಲೆ ತಂದೆವು. ಊರಿನ ಮುಲ್ಲಾ ಗೋರಿಯ ಬಳಿ ಬಂದವರು ತಡೆದು ನಿಂತರು. ಮಣ್ಣು ಮುಚ್ಚುವ ಮುನ್ನ ಸತ್ತವನ ಕಿವಿಯಲ್ಲಿ ಅವನ ಹೆಸರು ಕರೆದು ಹೇಳಬೇಕಾದ ಮಾತುಗಳಿದ್ದವು.

"ಹೆಸರಿಲ್ಲದೆ ಹೇಗಪ್ಪಾ ಕರೀಲಿ?"

"ನಾವು ಕರೆಯೋ ಹಾಗೇ ಕರೀರಿ ಮುಲ್ಲಾ ಸಾಹೇಬ್ರೇ" ಅಂದ ಬೆಮಾನಲಿ. "ಅದಕ್ಕೆ ಓ ಅಂತಾನೆ."

ಮುಲ್ಲಾ ನಮ್ಮ ಮುಖಗಳನ್ನು ನೋಡಿದರು. ಆಮೇಲೆ ಬಗ್ಗಿ ಗೋರಿಯೊಳಗೆ ಕೈಚಾಚಿ, ಭುಜವಿರಬೇಕಾದ ಕಡೆ ಮೆಲ್ಲಗೆ ಅಲುಗಿಸಿ ಹೇಳಿದರು: "ಕೇಳು, ತಿಳಿದುಕೋ, ಆದಮನ ಮಗನೇ, ಜೊತೆಗಾರ."

"ಹೇಳು" ಎಂದಿತು ಒಂದು ದನಿ.

ತಿರುಗಿದರೆ ಖುದಾರಹಮ್. ನಲವತ್ತು ವರ್ಷದ ಅಭ್ಯಾಸ, ಕರೆದೊಡನೆ ಬಾಯಿ ತಾನಾಗಿ ಓಗೊಟ್ಟಿತ್ತು. ಅವನ ತುಟಿ ಇನ್ನೂ ತೆರೆದೇ ಇತ್ತು. ನಿಜ ಹೇಳಬೇಕೆಂದರೆ, ಅದೇ ಮಾತು ನನ್ನ ನಾಲಗೆಯ ತುದಿಗೂ ಬಂದು ನಿಂತಿತ್ತು.

ಮುಲ್ಲಾ ಸತ್ತವನಿಗೆ ಹೇಳಬೇಕಾದದ್ದನ್ನೆಲ್ಲ ಕೊನೆತನಕ ಹೇಳಿದರು. ಖುದಾರಹಮ್ ತಲೆತಗ್ಗಿಸಿ ಪೂರ್ತಿ ಕೇಳಿಸಿಕೊಂಡ.

ವಾಪಸು ಬರುವಾಗ ಬೆಮಾನಲಿ, "ಹೋಗ್ಲಿ ಬಿಡು, ಬಾಯಿ ತಪ್ಪಿ ಬಂತು" ಅಂದ.

"ತಪ್ಪಿ ಬರಲಿಲ್ಲ" ಅಂದ ಖುದಾರಹಮ್. "ನನ್ನನ್ನೂ ಕರೆದ ಹಾಗೇ ಇತ್ತು."

ಮರುದಿನ ಅವನು ಬಾವಿಯ ಹತ್ತಿರ ಬರಲಿಲ್ಲ. ಕಸುಬು ಬಿಟ್ಟು ಅಕ್ಕನ ಮಗನ ಕುರಿ ಮೇಯಿಸಲು ಗುಡ್ಡದ ಕಡೆ ಹೋದ ಎಂದು ತಿಳಿಯಿತು. ನಾವಿಬ್ಬರೇ ಉಳಿದ ಹೂಳು ತೆಗೆದೆವು. ಇಪ್ಪತ್ತಮೂರನೆಯ ದಿನ ತೋಟಗಳಿಗೆ ನೀರು ಹರಿಯಿತು.