ಒಂಬತ್ತನೇ ನಂಬರಿನ ಕಾಗದ

ಆಫೀಸಿನಲ್ಲಿ ಅವಳನ್ನು ಹುಳುಕಮ್ಮ ಎಂದು ಕರೆಯುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ. ಅವಳಿಗೂ ಒಳಗೊಳಗೇ ಹೆಮ್ಮೆಯಿತ್ತು. ಆರೋಗ್ಯ ವಿಮೆಯ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಕ್ಲೇಮಿನ ಫೈಲು ನೋಡಿದವಳು, ಬಾರದ ಕಾಯಿಲೆಗೆ ಬಿಲ್ಲು ಹುಟ್ಟಿಸುವ ಕಳ್ಳ ಆಸ್ಪತ್ರೆಗಳನ್ನು ಒಂದು ಔಷಧದ ಚೀಟಿಯಲ್ಲೇ ಹಿಡಿದವಳು. "ನಿಮ್ಮ ಕಣ್ಣು ತಪ್ಪಿಸೋಕೆ ಬ್ರಹ್ಮನಿಂದಲೂ ಆಗಲ್ಲ ಬಿಡಿ" ಎಂದು ಮ್ಯಾನೇಜರ್ ಹೊಗಳುತ್ತಿದ್ದ. ಅಂಥವನು ಹೊಗಳಿದಾಗ ಮೊದಲು ಜೇಬು ಮುಟ್ಟಿ ನೋಡಿಕೊಳ್ಳಬೇಕು ಎನ್ನುವುದು ಅವಳಿಗೆ ಹೊಳೆದದ್ದು ತೀರಾ ತಡವಾಗಿ.

ವಿಷಯ ಇಷ್ಟೇ. ಜನ ವರ್ಷಗಟ್ಟಲೆ ಕಂತು ಕಟ್ಟುತ್ತಾರೆ, ಅವರು ಹಾಸಿಗೆ ಹಿಡಿದಾಗ ಕೊಡುವುದಕ್ಕೆ ಕಂಪನಿಯ ಕೈಯಲ್ಲಿ ಹಣ ಇರಬೇಕು. ಕೊಡಬೇಕಾದ ಬಾಕಿಯ ಒಂದೂವರೆ ಪಟ್ಟು ಬದಿಗಿಟ್ಟಿದ್ದೇವೆ ಎಂದು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ತೋರಿಸಬೇಕು, ತೋರಿಸದಿದ್ದರೆ ಹೊಸ ಪಾಲಿಸಿ ಮಾರುವಂತಿಲ್ಲ. ಕಾನೂನು ಚೆನ್ನಾಗಿಯೇ ಇದೆ. ಕಾನೂನು ಮಾಡಿದವರು ಚಾಪೆಯ ಕೆಳಗೆ ತೂರಿದರೆ ಕಂಪನಿಯವರು ರಂಗೋಲಿಯ ಕೆಳಗೆ ತೂರುತ್ತಾರೆ, ಅಷ್ಟೇ. ಕಂಪನಿಯ ದೊಡ್ಡವರು ಆ ಹಣವನ್ನು ಗಾಜಿನ ಕಟ್ಟಡಕ್ಕೂ ಜಾಹೀರಾತಿಗೂ ಸುರಿದು ಕೂತಿದ್ದರು. ಹಣ ಹೆಚ್ಚು ತೋರಿಸಲಾಗದವರು ಏನು ಮಾಡಬೇಕು? ಬಾಕಿಯನ್ನು ಕಡಿಮೆ ತೋರಿಸಬೇಕು. ಕಾಗದ ಸಾಲದು ಎಂದು ಫೈಲನ್ನು ರೋಗಿಗೇ ವಾಪಸು ಕಳಿಸಿಬಿಟ್ಟರೆ ಅದು ಆ ಹೊತ್ತಿಗೆ ಕಂಪನಿಯ ಬಾಕಿಯೇ ಅಲ್ಲ.

ಹೀಗೆ ಹುಟ್ಟಿದ್ದು 'ವಾಪಸು ವಾರ'. ಮೂರು ತಿಂಗಳ ಕೊನೆಯ ವಾರ ಬಂತೆಂದರೆ ಯಾವ ಫೈಲೂ ಸರಿಯಿರಕೂಡದು. ಕಂಪ್ಯೂಟರಿನಲ್ಲಿ ಇಪ್ಪತ್ತೆರಡು ಕೊರತೆಗಳ ಪಟ್ಟಿ ಇತ್ತು, ಒಂದು ನಂಬರು ಒತ್ತಿದರೆ ಪತ್ರ ತಾನೇ ಅಚ್ಚಾಗಿ ಹೋಗುತ್ತಿತ್ತು. ಮೊದಲ ಸಲ ಅವಳು ತಕರಾರು ತೆಗೆದಿದ್ದಳು.

"ಸರ್, ಈ ಫೈಲಲ್ಲಿ ಏನೂ ಕಮ್ಮಿ ಇಲ್ವಲ್ಲ."

"ಹುಳುಕಮ್ಮ, ನೀವೇ ಹೀಗಂದ್ರೆ ಹೇಗೆ? ಕಣ್ಣು ಮುಚ್ಚಿ ಒಂದು ನಂಬರ್ ಒತ್ತಿ. ಹತ್ತು ದಿನ ತಡ ಆದ್ರೆ ಯಾರೂ ಸಾಯಲ್ಲ."

ಮನೆಯಲ್ಲಿ ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು, ಮೊಣಕಾಲು ಹಿಡಿದುಕೊಂಡ ಅತ್ತೆ. ಅವಳು ಒತ್ತಿದಳು. ಎರಡನೇ ಸಲ ತಕರಾರು ತೆಗೆಯಲಿಲ್ಲ. ಮೂರನೇ ಸಲಕ್ಕೆ ಫೈಲು ತೆರೆಯುವುದನ್ನೂ ಬಿಟ್ಟಳು. ಪಕ್ಕದ ಮೇಜಿನವಳು ಗಂಡ ಹುಟ್ಟಿದ ತಾರೀಖಿನ ನಂಬರು ಒತ್ತುತ್ತಿದ್ದಳು, ಇವಳು ಕೈಗೆ ಹತ್ತಿರವಿದ್ದ ಒಂಬತ್ತು.

ಒಂದು ದಿನ ಸರ್ಕಾರದ ಕಡೆಯಿಂದ ತಪಾಸಣೆಗೆ ಬಂದಿದ್ದ ಮೇಡಂ ಒಳಗಿನ ಕೋಣೆಯಲ್ಲಿ ಮ್ಯಾನೇಜರನ ಜೊತೆ ಪಟ್ಟಿ ನೋಡುತ್ತ ಕೂತಿದ್ದರು. ಹೋದ ತಿಂಗಳ ಕೊನೆಗೆ ಬಾಕಿ ಎಷ್ಟಿತ್ತು ಎಂದು ನೋಡುವುದೇ ಅವರ ಕೆಲಸ. ಪಟ್ಟಿ ತೊಳೆದಿಟ್ಟ ತಟ್ಟೆಯ ಹಾಗೆ ಲಕಲಕ ಎನ್ನುತ್ತಿತ್ತು.

ಕೌಂಟರಿಗೆ ಒಬ್ಬ ಮುದುಕ ಬಂದ. ಎಡಗಣ್ಣಿಗೆ ಕಪ್ಪು ಮುಚ್ಚಳ, ಅಂಗಿಯ ಕಾಲರಿನಲ್ಲಿ ಎರಡು ಗುಂಡುಸೂಜಿ. ಮೇಜಿನ ಅಂಚನ್ನು ಕೈಯಿಂದ ತಡವಿ ನಿಂತುಕೊಂಡ.

"ಅಮ್ಮಾ, ನಾನು ದರ್ಜಿ. ನೀವು ಕೇಳಿದ ಕಾಗದ ತಂದಿದೀನಿ. ತಡ ಆಯ್ತು, ತಪ್ಪು ತಿಳ್ಕೋಬೇಡಿ. ಸರಿಯಾದದ್ದೇ ಕೊಟ್ಟಿದಾರಾ ನೋಡಿ, ನನಗೆ ಕಾಣಲ್ಲ."

ಅವಳು ಬಿಡಿಸಿ ನೋಡಿದಳು. ಮುನಿಸಿಪಾಲಿಟಿಯ ಸೀಲು ಬಿದ್ದಿದ್ದ ಜನನ ಪ್ರಮಾಣಪತ್ರ. ಹೆಣ್ಣು ಮಗು. ಮಗು ಹುಟ್ಟಿ ಮೂವತ್ತೊಂದು ವರ್ಷವಾಗಿತ್ತು.

"ಇದು ಯಾಕೆ ತಂದ್ರಿ?"

"ನೀವೇ ಬರೆದಿದ್ರಲ್ಲ, ಮಗುವಿನ ಜನನ ಪತ್ರ ಬೇಕು ಅಂತ. ನನಗಿರೋದು ಒಬ್ಬಳೇ ಮಗಳು. ಕಣ್ಣಿಗೂ ಅದಕ್ಕೂ ಏನು ಸಂಬಂಧ ಅಂತ ಅವಳು ಕೇಳಿದಳು. ದೊಡ್ಡ ಕಂಪನಿಯವರು ಸುಮ್ಮನೆ ಕೇಳ್ತಾರಾ, ಅಂದೆ. ಹಳೇ ದಾಖಲೆ ನೋಡಿ, ಹುಡುಕಿಸೋಕೆ ಹನ್ನೊಂದು ದಿನ ಆಯ್ತು."

ಒಂಬತ್ತನೇ ನಂಬರು ಹೆರಿಗೆಯ ಫೈಲುಗಳದ್ದು.

ಅವಳು ಅವನ ಫೈಲು ತೆಗೆದಳು. ಎರಡೂ ಕಣ್ಣುಗಳ ಹಿಂದಿನ ಪರದೆ ಕಿತ್ತುಬರುವ ಕಾಯಿಲೆ. ಎಡಗಣ್ಣಿನ ಆಪರೇಷನ್ ಆಗಿತ್ತು, ಅದರಲ್ಲಿ ಬರೀ ಮಸುಕು. ಸೂಜಿಗೆ ದಾರ ಪೋಣಿಸುವ ದೃಷ್ಟಿ ಇದ್ದದ್ದು ಬಲಗಣ್ಣಿನಲ್ಲಿ. ಮೊದಲ ಬಿಲ್ಲು ತೀರಿದ ಹೊರತು ಅದನ್ನು ಮುಟ್ಟುವುದಿಲ್ಲ ಎಂದು ಆಸ್ಪತ್ರೆ ಬರೆದಿತ್ತು. ಕೆಳಗೆ ಡಾಕ್ಟರ ಕೈಬರಹ: ಬಲಗಣ್ಣಿಗೆ ಹತ್ತು ದಿನದೊಳಗೆ ಆಪರೇಷನ್ ಆಗಲೇಬೇಕು. ಫೈಲಿನಲ್ಲಿ ಒಂದೇ ಒಂದು ಕಾಗದವೂ ಕಡಿಮೆಯಿರಲಿಲ್ಲ.

"ಬಲಗಣ್ಣು ಈಗ...?"

"ಮೊನ್ನೆ ಸಂಜೆ ಹೋಯ್ತಮ್ಮ. ಪರದೆ ಪೂರ್ತಿ ಬಿದ್ದಿದೆ, ಇನ್ನು ಮಾಡೋಕೆ ಏನಿಲ್ಲ ಅಂದ್ರು ಡಾಕ್ಟರು. ಆಸ್ಪತ್ರೆಯವರ ಹಳೇ ಬಾಕಿ ಆದ್ರೂ ತೀರಲಿ ಅಂತ ಕಾಗದ ತಂದೆ."

ಅವಳಿಗೆ ಬಂದ ಸಿಟ್ಟು ಎಂಥದ್ದೆಂದರೆ, ಮೊದಲು ಆ ಮುದುಕನ ಮೇಲೆಯೇ ಬಂತು. ಯಾಕೆ ನಂಬಿದೆ ಮಾರಾಯ? ಯಾಕೆ ಮಾರನೆಯ ದಿನವೇ ಬಂದು ಈ ಮೇಜು ಗುದ್ದಿ, 'ನಾನೇನು ಹೆತ್ತಿದೀನಾ' ಎಂದು ಕೇಳಲಿಲ್ಲ? ಆಮೇಲೆ ಅದು ಅಲ್ಲಿಂದ ಹೊರಳಿ ತನ್ನ ಬೆರಳಿನ ಮೇಲೆ, ಗಾಜಿನ ಕಟ್ಟಡದ ಮೇಲೆ, ಒಳಗೆ ಬಿಸ್ಕತ್ತು ತಿನ್ನುತ್ತ ಕೂತವನ ಮೇಲೆ ಬಿತ್ತು. ಅವಳು ಮುದುಕನ ತೋಳು ಹಿಡಿದು ಒಳಕೋಣೆಯ ಬಾಗಿಲನ್ನು ತಟ್ಟದೇ ತಳ್ಳಿದಳು.

"ಮೇಡಂ, ಇವರು ಬಸುರಿಯಾಗಿದ್ರು ಅಂತ ನಿಮಗೇನಾದ್ರೂ ಅನ್ಸುತ್ತಾ?"

ತಪಾಸಣೆಯ ಮೇಡಂ ತಲೆಯೆತ್ತಿದರು. ಮ್ಯಾನೇಜರ್ ಬಿಸ್ಕತ್ತು ಕೆಳಗಿಟ್ಟ.

"ಹುಳುಕಮ್ಮ, ಏನಿದು? ಹೊರಗೆ ಹೋಗಿ."

ಅವಳು ಫೈಲು, ಪತ್ರ, ಪ್ರಮಾಣಪತ್ರ ಮೂರನ್ನೂ ಆ ಲಕಲಕ ಪಟ್ಟಿಯ ಮೇಲೆಯೇ ಇಟ್ಟಳು. ಮೇಡಂ ಓದಿದರು. ಎರಡನೇ ಸಲ ಓದಿದರು.

"ಕಣ್ಣಿನ ಕ್ಲೇಮಿಗೆ ಜನನ ಪತ್ರ ಕೇಳಿದ್ದೀರಾ?"

"ಕೈತಪ್ಪು ಮೇಡಂ, ಒಂದೇ ಒಂದು ಫೈಲು" ಎಂದ ಮ್ಯಾನೇಜರ್.

"ಒಂದಲ್ಲ! ನಾನೂರ ಹನ್ನೆರಡು. ಅದರಲ್ಲಿ ತೊಂಬತ್ತಾರು ನನ್ನ ಕೈಯಿಂದಲೇ ಹೋಗಿದೆ. ಯಾವುದರಲ್ಲೂ ಏನೂ ಕಮ್ಮಿ ಇರಲಿಲ್ಲ. ಬಾಕಿ ಪಟ್ಟಿಯಿಂದ ಹೊರಗೆ ಹಾಕಬೇಕಿತ್ತು, ಹಾಕಿದ್ವಿ. ನೀವು ಬರೋ ಮುಂಚೆ ಮನೆ ಗುಡಿಸಿ ಕಸ ಎಲ್ಲ ಇವರ ಮನೆ ಮುಂದೆ ಸುರಿದ್ವಿ."

"ಕೂತ ಕೊಂಬೆನೇ ಕಡೀತಿದೀರಿ ನೀವು! ಇದನ್ನೆಲ್ಲ ಬಾಕಿ ಅಂತ ಸೇರಿಸಿದ್ರೆ ನಾಳೆ ಕಂಪನಿ ಮುಳುಗುತ್ತೆ. ನಿಮ್ಮ ಸಂಬಳ ಯಾರು ಕೊಡ್ತಾರೆ?"

"ಮುಳುಗಲಿ! ಹತ್ತು ದಿನ ತಡ ಆದ್ರೆ ಏನಾಗುತ್ತೆ ಅಂತ ಇವರನ್ನ ಕೇಳಿ. ನನ್ನ ಕೇಳಬೇಡಿ, ಇವರನ್ನ ಕೇಳಿ!"

ಮೇಡಂ ಪಟ್ಟಿಯನ್ನು ಮುಚ್ಚಿ, ಒಂದು ಬಿಳಿ ಹಾಳೆಯನ್ನು ಅವಳತ್ತ ಸರಿಸಿದರು. "ನೀವು ಹೇಳಿದ್ದನ್ನೆಲ್ಲ ಬರೆದು ಕೊಡಿ. ಆ ನಾನೂರ ಹನ್ನೆರಡೂ ಫೈಲು ಇವತ್ತೇ ನನ್ನ ಮುಂದೆ ಬರಬೇಕು."

ಅವಳು ಪೆನ್ನು ತೆಗೆದುಕೊಂಡಳು. ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ ದರ್ಜಿ ಆಗ ಮಾತಾಡಿದ.

"ಅಮ್ಮಾ, ಹಾಗಾದ್ರೆ ಈ ಕಾಗದ ಬೇಕಿರಲಿಲ್ವಾ?"

ಅವಳು ಪೆನ್ನು ಕೆಳಗಿಟ್ಟು ಅವನ ಕಡೆ ತಿರುಗಿದಳು.

"ಬೇಕಿರಲಿಲ್ಲ."

ಅವನು ಕಿರುಚಲಿಲ್ಲ. ಕಿರುಚಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನ ಮುಷ್ಟಿ ಗೋಡೆಗೆ ಒತ್ತಿಕೊಂಡಿತು.

"ಸರ್ಕಾರಕ್ಕೆ ಆಮೇಲೆ ಬರೀರಿ. ಮೊದಲು ನನಗೊಂದು ಬರೆದು ಕೊಡಿ, ಈ ಕಾಗದ ಬೇಕಿರಲಿಲ್ಲ ಅಂತ. ನನಗಲ್ಲ, ನನ್ನ ಮಗಳಿಗೆ. ಹನ್ನೊಂದು ದಿನ ಆ ಕಚೇರೀಲಿ ಸಾಲು ನಿಂತವಳು ಅವಳು. ಹುಟ್ಟಿದ ಚೀಟಿ ಜೋಪಾನವಾಗಿ ಇಟ್ಕೊಂಡಿದ್ರೆ ಅಪ್ಪನ ಕಣ್ಣು ಉಳೀತಿತ್ತು ಅಂತ ಮೊನ್ನೆಯಿಂದ ಅನ್ನ ಬಿಟ್ಟು ಕೂತಿದಾಳೆ."

ಅವಳು ಬರೆದಳು. ಕಾಗದ ಬೇಕಿರಲಿಲ್ಲ, ಫೈಲು ಮೊದಲೇ ಸರಿಯಿತ್ತು, ತಪ್ಪು ನಿನ್ನದಲ್ಲ, ನನ್ನದು. ಸಹಿ ಹಾಕಿ, ಗಟ್ಟಿಯಾಗಿ ಓದಿ ಹೇಳಿ, ಅವನ ಕೈಗೆ ಕೊಡಲು ಹೋದಳು. ಅವನು ಕೈ ಚಾಚಲಿಲ್ಲ.

"ಬಾಗಿಲವರೆಗೂ ಕೈಹಿಡಿದು ತಂದು ಬಿಟ್ಟು, ಒಳಗೆ ಬರೋಕೆ ಮುಖ ಇಲ್ಲ ಅಂತ ಕೆಳಗೆ ಮೆಟ್ಟಿಲ ಮೇಲೆ ಕೂತಿದಾಳೆ. ನೀವೇ ಹೋಗಿ ಕೊಡಿ. ಅವಳ ಮುಖ ನೋಡಿ ಕೊಡಿ."