ಹದಿನಾಲ್ಕು ದಿನದ ಮೌನ

ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಶಾಂತಾರಾಮನಿಗೆ ಬೆಳಗಿನ ಚಹಾಕ್ಕಿಂತ ಮೊದಲು ಫ್ರೀಬಿಎಸ್‌ಡಿಯ ಸುದ್ದಿ ಬೇಕು. ಜಗತ್ತಿನ ಮೂಲೆಮೂಲೆಯ ಜನ ಸೇರಿ, ಹೆಚ್ಚಿನವರು ಬಿಟ್ಟಿಯಾಗಿಯೇ ದುಡಿದು ಕಟ್ಟುವ ಆಪರೇಟಿಂಗ್ ಸಿಸ್ಟಮ್ ಅದು. ಅದರೊಳಗೆ ಸಮುದ್ರದ ಉಬ್ಬರ-ಇಳಿತದ ಹೊತ್ತು ತೋರಿಸುವ ಪುಟ್ಟ ಪ್ರೋಗ್ರಾಮೊಂದರ ಉಸ್ತುವಾರಿ ಹನ್ನೊಂದು ವರ್ಷದಿಂದ ಅವನದು. ಆದರೆ ಒಂದಕ್ಷರ ತಿದ್ದಿದರೂ ಕಳಿಸಿ ಕಾಯಬೇಕು. ನೇರವಾಗಿ ಸೇರಿಸುವ ಹಕ್ಕು ಅವನಿಗಿರಲಿಲ್ಲ. ಆ ಹಕ್ಕಿಗೆ ಒಳಗಿನವರೇ ಹೆಸರು ಸೂಚಿಸಬೇಕು. ಆ ಕರೆಗಾಗಿ ಅವನು ಹನ್ನೊಂದು ವರ್ಷವೂ ಕಾದಿದ್ದ.

ಡಿಸೆಂಬರಿನಲ್ಲಿ ಫ್ರೀಬಿಎಸ್‌ಡಿಯ ಹದಿನೈದನೇ ಆವೃತ್ತಿ ಬಂತು. ಜನವರಿಯ ಒಂದು ಸೋಮವಾರ ಸುದ್ದಿಪುಟದಲ್ಲಿ ಒಂದೇ ಸಾಲು: ಹೊಸದಾಗಿ ಹಕ್ಕು ಪಡೆದವರು, ಪೂರ್ಣಿಮಾ ತಾಂಡೇಲ.

ಬೇಲೆಕೇರಿಯ ಪೂರ್ಣಿಮಾ! ಅಂಕೋಲೆಯ ಮೀನಿನ ಐಸ್ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ನಾಲ್ಕು ವರ್ಷದ ಹಿಂದೆ ಅವಳ ಹಳೇ ಲ್ಯಾಪ್‌ಟಾಪಿಗೆ ಈ ಸಿಸ್ಟಮ್ ಹಾಕಿಕೊಟ್ಟು, ಪ್ಯಾಚ್, ಅಂದರೆ ತಿದ್ದುಪಡಿ, ಬರೆಯುವುದು ಹೇಗೆಂದು ಕಲಿಸಿದವನೇ ಇವನು. ಗುರುವಿಗೇ ತಿರುಮಂತ್ರ! ಶಾಂತಾರಾಮನ ಹೊಟ್ಟೆ ಉರಿದುಹೋಯಿತು. ಅಭಿನಂದನೆ ಎಂದು ಟೈಪ್ ಮಾಡಿದ, ಅಳಿಸಿದ.

"ಆ ಹುಡ್ಗಿಗೆ ಸಿಕ್ತಂತೆ ಅಲ್ರಾ? ಒಂದ್ ಫೋನ್ ಮಾಡಿ," ಎಂದಳು ಹೆಂಡತಿ ಗೋದಾವರಿ.

"ನಂಗೆ ಬೇರೆ ಕೆಲ್ಸ ಅದೆ."

"ಮುಖ ನೋಡಿದ್ರೆ ಹಾಗಲಕಾಯಿ ತಿಂದಂಗೆ ಅದೆ. ಕೆಲ್ಸ ಅಂತೆ!"

ಮೂರೇ ದಿನಕ್ಕೆ ಅವನ ಪ್ರೋಗ್ರಾಮಿಗೆ ಒಂದು ತಿದ್ದುಪಡಿ ಬಂತು. ಹೊಸ ಆವೃತ್ತಿಯಲ್ಲಿ ಅದು ಓಡದೆ ನಿಂತಿತ್ತು, ಅದನ್ನೇ ಸರಿಪಡಿಸುವ ಎರಡು ಸಾಲು. ಕಳಿಸಿದವಳು ಪೂರ್ಣಿಮಾ. ತಿದ್ದುಪಡಿ ಸರಿಯಾಗಿತ್ತು ಎಂಬುದೇ ಅವನಿಗೆ ಇನ್ನಷ್ಟು ಚುಚ್ಚಿತು. ಒಂದು ಮಾತು ಒಪ್ಪಿಗೆ ಬರೆದರೆ ಮುಗಿಯುತ್ತಿತ್ತು.

ಅವನು ಬರೆಯಲಿಲ್ಲ. ಅವರಲ್ಲೊಂದು ಪದ್ಧತಿ ಇದೆ: ಉಸ್ತುವಾರಿಯವನು ಹದಿನಾಲ್ಕು ದಿನ ಉತ್ತರಿಸದಿದ್ದರೆ ಅವನನ್ನು ಕೇಳದೆಯೇ ತಿದ್ದಬಹುದು. ಅಲ್ಲಿಯವರೆಗೆ ಹಕ್ಕಿದ್ದವರೂ ಕಾಯಬೇಕು. ಕಾಯಲಿ, ದೊಡ್ಡ ಹಕ್ಕುದಾರಳು, ತಾನು ಹನ್ನೊಂದು ವರ್ಷ ಕಾದಿಲ್ಲವೇ ಎಂದುಕೊಂಡ. ದಿನ ಎಣಿಸುವುದರಲ್ಲೇ ಅವನಿಗೆ ಒಂಥರಾ ಸುಖ ಹತ್ತಿತು. ಒಂಬತ್ತನೇ ದಿನ ಅವಳ ಫೋನ್ ಬಂತು, ಎತ್ತಲಿಲ್ಲ. ಹನ್ನೆರಡನೇ ದಿನ ಮತ್ತೆ ಬಂತು. ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟ.

ಹದಿನೈದನೇ ದಿನ ಬೆಳಿಗ್ಗೆ ತಿದ್ದುಪಡಿ ಸೇರಿಹೋಗಿತ್ತು. ಕೆಳಗೆ ಪೂರ್ಣಿಮಾಳ ಟಿಪ್ಪಣಿ: ಉಸ್ತುವಾರಿಯವರಿಂದ ಉತ್ತರವಿಲ್ಲ, ಅವಧಿ ಮುಗಿದಿದೆ. ಆ ಸಾಲು ಇನ್ನು ಯಾವತ್ತೂ ಅಳಿಯುವುದಿಲ್ಲ. ಶಾಂತಾರಾಮ ಅಂಗಡಿಗೆ ಬೀಗ ಹಾಕಿ ಅಂಕೋಲೆಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡ.

ಐಸ್ ಫ್ಯಾಕ್ಟರಿಯ ಕೋಣೆಯಲ್ಲಿ ಪೂರ್ಣಿಮಾ ಅವನನ್ನು ಕಂಡು ಧಡಕ್ಕನೆ ಎದ್ದಳು.

"ಅಯ್ಯೋ ಸರ್, ಎಂತಾ ಆಗಿತ್ತು ನಿಮ್ಗೆ? ಎರಡ್ ಸಲ ಫೋನ್ ಮಾಡ್ದೆ."

"ನನ್ನ ಹೆಸ್ರಿನ ಎದ್ರಿಗೆ ಉತ್ತರ ಇಲ್ಲ ಅಂತ ಬರದ್ಯಲ್ಲ, ನಾಚ್ಕೆ ಆಗ್ಲಿಲ್ವ?"

ಅವಳು ತಲೆ ತಗ್ಗಿಸಿದಳು. "ಒಂದ್ ಸುದ್ದಿ ಇತ್ತು, ನಿಮ್ಗೆ ಹೇಳೂಕೆ ಇರ್ಲಿಲ್ಲ ಸರ್. ಹಕ್ಕು ಕೊಡೂಕೆ ಒಳಗಿನವ್ರು ಮತ ಹಾಕಿ ಮುಗಿಯೂ ತನಕ ಯಾರ ಹೆಸ್ರು ಕೊಟ್ಟಾರೆ ಅಂತ ಅವ್ರಿಗೇ ಗೊತ್ತಾಗೂಕಾಗ. ನಂಗೆ ಹಕ್ಕು ಸಿಕ್ಕಿದ ದಿವ್ಸವೇ ಒಳಗೆ ನಂಗೆ ಕೊಟ್ಟ ಮಾರ್ಗದರ್ಶಿಗೆ ನಿಮ್ಮ ಹೆಸ್ರು ಹೇಳ್ದೆ. ನಂಗೆ ಕಲಿಸಿದವ್ರು ಇವ್ರೇ ಅಂದೆ. ಅವ್ರೂ ಒಪ್ಪಿ ಮುಂದೆ ಇಟ್ರು."

ಶಾಂತಾರಾಮ ಬೈಗುಳ ಮರೆತು ಕುರ್ಚಿ ಎಳೆದುಕೊಂಡು ಕೂತ.

"ಮತೆ?"

"ಮತೆ ಎಂತಾ, ನಿಮ್ಮ ಪ್ರೋಗ್ರಾಮ್ ತೆಗ್ದು ನೋಡಿದ್ರು. ಹನ್ನೊಂದು ವರ್ಷದ ಕೆಲ್ಸ ಚಲೋ ಅದೆ ಅಂದ್ರು. ಆದ್ರೆ ಎರಡು ಸಾಲಿಗೆ ಎರಡು ವಾರ ಉತ್ತರ ಕೊಡದಿದ್ದವ್ರ ಕೈಯಲ್ಲಿ ಹೆಂಗೆ ಕೊಡುದು ಅಂತ ನಿನ್ನೆ ಬೇಡ ಅಂದ್ರು." ಅವಳ ಕಣ್ಣಲ್ಲಿ ನೀರಿತ್ತು. "ಜ್ವರ ಬಂದಿತ್ತಾ ಸರ್? ಹುಷಾರಿರ್ಲಿಲ್ಲ ಅಂತ ಹೇಳಿ. ನಾ ಇನ್ನೊಂದ್ ಸಲ ಬರಿತೆ."

ತನ್ನ ಕಾಲಿನ ಮೇಲೆ ತಾನೇ ಕೊಡಲಿ ಹಾಕಿಕೊಂಡಿದ್ದ. ಜ್ವರ ಎಂದರೆ ಸಾಕಿತ್ತು, ಅವಳು ನಂಬುತ್ತಿದ್ದಳು. ಅವಳು ಕೀಲಿಮಣೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಆಗಲೂ ಅವಳನ್ನು ಕಂಡು ಅವನಿಗೆ ಅಸೂಯೆಯಾಯಿತು. ಹಕ್ಕಿಗಲ್ಲ, ಇಷ್ಟು ಸಲೀಸಾಗಿ ಇನ್ನೊಬ್ಬರ ಹೆಸರು ಹೇಳಬಲ್ಲ ಅವಳ ಮನಸ್ಸಿಗೆ.

"ಜ್ವರ ಅಲ್ಲ ಪೂರ್ಣಿಮಾ," ಎಂದ. "ಹೊಟ್ಟೆಕಿಚ್ಚು."

ಅವಳು ಕೀಲಿಮಣೆಯಿಂದ ಕೈ ತೆಗೆದಳು.