ಸ್ಪ್ಯಾನಿಷ್ ಸೀಟಿಗೆ ಐದು ತಲೆ

ಹಲ್ಲಿನ ಸೆಟ್ಟು ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವರಿಗೆ ಹಲ್ಲು ಬಂದಿಲ್ಲ. ಅವಳು ಕಟ್ಟಿದ ಸೆಟ್ಟು ಹಾಕಿಕೊಂಡ ಮುದುಕರು ಕಬ್ಬಿಣದ ಕಡಲೆಯನ್ನೂ ಹಿಟ್ಟು ಮಾಡಿ ನುಂಗುತ್ತಿದ್ದರು. ಊರಿನವರ ಬಾಯನ್ನೆಲ್ಲ ತೆರೆಸಿದ ಈ ಮಹಾತಾಯಿಗೆ ಮನೆಯಲ್ಲಿ ತನ್ನ ಬಾಯಿ ತೆರೆಯುವ ಭಾಗ್ಯ ಮಾತ್ರ ಇರಲಿಲ್ಲ. ಅವಳು ‘ಅ’ ಎನ್ನುವಷ್ಟರಲ್ಲಿ ಅತ್ತೆ ‘ಳ’ದವರೆಗೂ ಹೇಳಿ ಮುಗಿಸಿ, ಆ ‘ಅ’ವನ್ನೂ ತಿದ್ದಿಬಿಡುತ್ತಿದ್ದರು. ಅತ್ತೆಯ ಗಾಳಿ ಸೋಕದ ಒಂದು ಭಾಷೆ ಬೇಕೆಂದೇ ಅವಳು ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಪದವಿಗೆ ಅರ್ಜಿ ಹಾಕಿದಳು.

ಪ್ರವೇಶ ವಿಭಾಗದ ಗುಮಾಸ್ತ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. “ಎಲ್ಲಾ ಸರಿ ಇದೆ ಮೇಡಂ. ಆದ್ರೆ ಐದು ಜನ ಸೇರದಿದ್ರೆ ಕ್ಲಾಸೇ ಇಲ್ಲ. ಸದ್ಯಕ್ಕೆ ನೀವೊಬ್ರೇ.”

“ಉಳಿದವ್ರನ್ನ ಎಲ್ಲಿಂದ ತರ್ಲಿ?”

“ಸಂಜೆಯೊಳಗೆ ಎಲ್ಲಿಂದಾದ್ರೂ ತನ್ನಿ. ಹನ್ನೆರಡನೇ ಕ್ಲಾಸ್ ಪಾಸಾಗಿರ್ಬೇಕು, ಉಸಿರಾಡ್ತಿರ್ಬೇಕು. ಅಷ್ಟೇ.”

ಗಂಡನನ್ನು ಊಟದ ಮಧ್ಯೆಯೇ ಎಬ್ಬಿಸಿದಳು. ತೂಕಡಿಸುತ್ತಿದ್ದ ಮಾವನನ್ನು ಕುರ್ಚಿಸಮೇತ ಎತ್ತಿದಳು. ಮೈದುನ ಬಚ್ಚಲಿಂದ ತಲೆಯ ಮೇಲಿನ ನೊರೆಯೊಂದಿಗೇ ಬಂದ. ನಾಲ್ಕಾಯಿತು. ಐದನೆಯವರಿಗಾಗಿ ಬೀದಿಗಿಳಿದರೆ, ಓದಿದವರೆಲ್ಲ ಅವಳನ್ನು ಕಂಡೊಡನೆ ಅಗುಳಿ ಹಾಕಿಕೊಂಡರು.

ಬರಿಗೈಯಲ್ಲಿ ಹಿಂದಿರುಗಿದಾಗ ಅತ್ತೆ ಚಪ್ಪಲಿ ಮೆಟ್ಟಿ ಹೊಸಿಲಲ್ಲೇ ನಿಂತಿದ್ದರು. “ಊರೆಲ್ಲ ಅಲೀತೀಯಲ್ಲೇ, ನಾನೇನು ಸತ್ತು ಹೋಗಿದ್ನಾ? ಫಸ್ಟ್ ಕ್ಲಾಸಲ್ಲಿ ಪಾಸಾದೋಳು ನಾನು!”

ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅತ್ತೆ ಬಂದರೆ ಭಾಷೆ ಹೋಯಿತು. ಬಾರದಿದ್ದರೆ ಸೀಟೇ ಹೋಯಿತು. “ಬನ್ನಿ ಅತ್ತೆ,” ಎಂದಳು, ವಿಷ ನುಂಗಿದವಳಂತೆ.

ಮೊದಲ ದಿನವೇ ಪ್ರೊಫೆಸರಮ್ಮ ಕಟ್ಟಪ್ಪಣೆ ಹೊರಡಿಸಿದರು: “ಇನ್ಮುಂದೆ ಕ್ಲಾಸಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಒಂದಕ್ಷರ ಆಡಿದ್ರೂ ಸೀಟು ರದ್ದು.” ಆಮೇಲೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದರು. ರೊಟ್ಟಿಗೆ ಪಾನ್, ಬಾಗಿಲಿಗೆ ಪ್ವೆರ್ತಾ, ಬೆಕ್ಕಿಗೆ ಗಾತೊ. ಅಂಗೈ ಮೇಲೆತ್ತಿ ‘ಯಾಕೆ’ ಎಂದು ಕೇಳಲು ಪೋರ್ ಕೆ.

ಅತ್ತೆ ಬಾಯಿ ತೆರೆದರು. ಮುಚ್ಚಿದರು. ಜನ್ಮದಲ್ಲೇ ಮೊದಲ ಮೌನ! ತಲೆಯ ಮೇಲಿನ ಫ್ಯಾನು ಗಾಬರಿಯಿಂದ ನಿಂತುಹೋಯಿತು. ಪಕ್ಕದ ಕಟ್ಟಡದವರು ಭೂಕಂಪವೆಂದು ಮೈದಾನಕ್ಕೆ ಓಡಿದರು. ಗಂಡ ಹೆದರಿ ತಾಯಿಯ ನಾಡಿ ಹಿಡಿದು ನೋಡಿದ.

ಸೊಸೆ ಎದ್ದು ನಿಂತಳು. ಮದುವೆಯಾದಂದಿನಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಹೊರಬರಬೇಕಿತ್ತು. ಕೈಯಲ್ಲಿದ್ದದ್ದು ಹಿಡಿ ಮಾತು. ಅತ್ತೆಯತ್ತ ಬೆರಳು ಚಾಚಿ, “ಪಾನ್!” ಎಂದು ಗುಡುಗಿದಳು. “ಪ್ವೆರ್ತಾ! ಗಾತೊ! ಗಾತೊ! ಗಾತೊ!”

ರೊಟ್ಟಿ, ಬಾಗಿಲು, ಬೆಕ್ಕುಗಳಲ್ಲೇ ಅವಳು ಬೈದ ಬೈಗುಳಕ್ಕೆ ಗೋಡೆಯ ಸುಣ್ಣ ಉದುರಿತು. ಮಾವ ಮೇಜಿನ ಕೆಳಗೆ ಕೈ ಬಿಟ್ಟು ಸದ್ದಿಲ್ಲದೆ ಚಪ್ಪಾಳೆ ತಟ್ಟಿದರು.

ಅತ್ತೆಯ ಮುಖ ಕೆಂಡವಾಯಿತು. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿ ನುಂಗಿ, ಕೊನೆಗೆ ಬೇರೆ ದಾರಿ ಕಾಣದೆ, “ಪೋರ್ ಕೆ?” ಎಂದರು.

ಆ ಮನೆಯಲ್ಲಿ ಅವಳನ್ನು ಯಾರೂ ಒಂದು ದಿನವೂ ‘ಯಾಕೆ’ ಎಂದು ಕೇಳಿದ್ದಿಲ್ಲ. ಸೊಸೆ ಚಾಚಿದ್ದ ಬೆರಳು ಮಡಚಿದಳು. ಅತ್ತೆಯ ಪಕ್ಕಕ್ಕೇ ಸರಿದು ಕೂತು, ಸೆರಗು ಸರಿಮಾಡಿಕೊಂಡು, ಮೊದಲಿನಿಂದ ಸಮಾಧಾನವಾಗಿ ಹೇಳತೊಡಗಿದಳು: “ಗಾತೊ...”